ರಕ್ತನಾಳಗಳ ಅಸಹಜ ರಚನೆ: ವರ್ತೂರು ಹೋಬಳಿಯ ಸಾರ್ವಜನಿಕರಿಗೆ ಮಾಹಿತಿ

ಸ್ವರೂಪ: ಅಪಧಮನಿಯ ರಕ್ತವು ಲೋಮನಾಳಗಳ ಮೂಲಕ ಅಭಿಧಮನಿಯನ್ನು ಸೇರುವುದು ಸಹಜ ಕ್ರಮ. ಲೋಮನಾಳಗಳಿಲ್ಲದೆ ಇವೆರಡೂ ನೇರವಾಗಿ ಹೆಣೆದುಕೊಂಡಲ್ಲಿ ಅಭಿಧಮನಿಯ ಮೇಲೆ ಒತ್ತಡ ಹೆಚ್ಚಿ ರಕ್ತಸ್ರಾವವಾಗುವ ಸಂಭವವಿರುತ್ತದೆ. ಇದು ಕ್ಯಾನ್ಸರ್ ಅಲ್ಲ, ಸಾಂಕ್ರಾಮಿಕವೂ ಅಲ್ಲ.

ಲಕ್ಷಣಗಳು: ಚರ್ಮದಲ್ಲಿ ಬಿಸಿಯಾದ, ಮಿಡಿಯುವ ಊತ, ಮಿದುಳಿನಲ್ಲಿದ್ದಲ್ಲಿ ತಲೆನೋವು, ಮೂರ್ಛೆ.

ರೋಗನಿರ್ಣಯ: ಡಾಪ್ಲರ್ ಸ್ಕ್ಯಾನಿಂಗ್, ಎಂ.ಆರ್.ಐ. ಹಾಗೂ ಆಂಜಿಯೋಗ್ರಾಂ. ಇವುಗಳಿಗೆ ಮುನ್ನ ಊತವನ್ನು ಕೊಯ್ಯಿಸುವುದು ಅಪಾಯಕರ.

ಚಿಕಿತ್ಸೆ: ತೆಳುವಾದ ಕೊಳವೆಯನ್ನು ರಕ್ತನಾಳದೊಳಗೆ ಸಾಗಿಸಿ ಅಸಹಜ ನಾಳಗಳನ್ನು ಮುಚ್ಚುವ ಎಂಬೊಲೈಸೇಷನ್, ಶಸ್ತ್ರಚಿಕಿತ್ಸೆ, ಮಿದುಳಿನ ಚಿಕ್ಕ ರಚನೆಗಳಿಗೆ ಗಾಮಾ ನೈಫ್ ವಿಕಿರಣ. ವಿಕಿರಣದ ಪೂರ್ಣ ಪರಿಣಾಮಕ್ಕೆ 2ರಿಂದ 3 ವರ್ಷ ಬೇಕಾಗುತ್ತದೆ. ಅಲ್ಲಿಯವರೆಗೆ ರಕ್ತಸ್ರಾವದ ಸಂಭವವಿರುವುದರಿಂದ ತಪಾಸಣೆಯನ್ನು ತಪ್ಪಿಸತಕ್ಕದ್ದಲ್ಲ. ಮಿದುಳಿಗೆ ಸಂಬಂಧಿಸಿದ ಈ ಚಿಕಿತ್ಸೆಗಳು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಲಭ್ಯವಿವೆ.

ಸೌಲಭ್ಯ ಪಡೆಯುವ ವಿಧಾನ: 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಕ್ಕೆ ನಿಗದಿತ ಚಿಕಿತ್ಸೆಗಳಿಗೆ ವಾರ್ಷಿಕ ರೂ. 5 ಲಕ್ಷದವರೆಗೆ ನೆರವು ದೊರೆಯುತ್ತದೆ. ಅರ್ಜಿದಾರರು ಪಡಿತರ ಚೀಟಿ ಮತ್ತು ಆಧಾರ್‌ನೊಂದಿಗೆ ಮೊದಲು ಸಮೀಪದ ಸರ್ಕಾರಿ ಆಸ್ಪತ್ರೆಗೆ ತೆರಳಿ ವೈದ್ಯಾಧಿಕಾರಿಗಳನ್ನು ಕಾಣತಕ್ಕದ್ದು.

ವಿಶೇಷ ಸೂಚನೆ: ಹಠಾತ್ತನೆ ತೀವ್ರ ತಲೆನೋವು, ಮೂರ್ಛೆ ಅಥವಾ ಕೈಕಾಲುಗಳ ಸ್ವಾಧೀನ ತಪ್ಪಿದಲ್ಲಿ ಶಿಫಾರಸು ಪತ್ರಕ್ಕಾಗಿ ಕಾಯದೆ ಕೂಡಲೇ 108ಕ್ಕೆ ಕರೆ ಮಾಡುವುದು.