ಊಟಿ ರೈಲಿನಲ್ಲಿ ಎಂಜಿನ್ ಹಿಂದಿರುತ್ತೆ!

ಊಟಿ ರೈಲಿನ ಸುದ್ದಿ ಬಂತು ಅಂದ್ರೆ ಟಿವಿಯವರಿಗೆಲ್ಲ ನೆನಪಾಗೋದು ಒಂದೇ ದೃಶ್ಯ. ಶಾರುಖ್ ಖಾನ್, ಮಲೈಕಾ ಅರೋರಾ, ಬೋಗಿಯ ನೆತ್ತಿಯ ಮೇಲೆ ಕುಣಿತ. 1998ರ ‘ದಿಲ್ ಸೇ’ ಚಿತ್ರದ ಹಾಡಿನ ಒಂದು ತುಣುಕು, ಹಿನ್ನೆಲೆಯಲ್ಲಿ ಒಂದು ಕೂಗು, ಕೆಳಗೆ ‘ಸ್ವರ್ಗಕ್ಕೆ ಪುಟಾಣಿ ರೈಲು’ ಅನ್ನೋ ಪಟ್ಟಿ. ಅಲ್ಲಿಗೆ ಸುದ್ದಿ ಮುಗೀತು. ಆ ರೈಲು ಹೇಗೆ ಹತ್ತುತ್ತೆ, ಯಾರು ಹತ್ತಿಸ್ತಾರೆ ಅಂತ ಯಾರೂ ಕೇಳೋದಿಲ್ಲ. ಆದರೆ ವರ್ಷಕ್ಕೊಮ್ಮೆ ಇನ್ನೊಂದು ಪ್ರಶ್ನೆ ತಪ್ಪದೆ ಏಳುತ್ತೆ: ನಷ್ಟದಲ್ಲಿ ಓಡೋ ರೈಲನ್ನು ಸರ್ಕಾರ ಯಾಕೆ ಸಾಕಬೇಕು?

ಉತ್ತರ ಹೇಳೋ ಮುಂಚೆ ನಮ್ಮವರಿಗೆ ಒಂದು ಮಾತು. ಮೈಸೂರು, ಗುಂಡ್ಲುಪೇಟೆ, ಬಂಡೀಪುರ ದಾಟಿ, ಗೂಡಲೂರಿನ ಮೇಲೋ ಮಸಿನಗುಡಿಯ ಮೇಲೋ ಊಟಿ ಸೇರೋ ಕನ್ನಡಿಗರು ಏನು ಮಾಡ್ತಾರೆ? ಊಟಿ ಸ್ಟೇಷನ್ನಿನಲ್ಲಿ ರೈಲು ಹತ್ತಿ ಕೂನೂರಿಗೆ ಹೋಗಿ, ಟೀ ಕುಡಿದು ವಾಪಸ್ ಬರ್ತಾರೆ. ‘ಯುನೆಸ್ಕೋ ರೈಲಿನಲ್ಲಿ ಹೋಗಿ ಬಂದ್ವಿ’ ಅಂತ ಫೋಟೋ ಹಾಕ್ತಾರೆ. ಸ್ವಾಮಿ, ಆ 18-19 ಕಿಲೋಮೀಟರ್ ಚೆಂದವೇ, ಸುಳ್ಳಲ್ಲ. ಆದರೆ ಅಲ್ಲಿ ರೈಲು ಎಳೆಯೋದು ಡೀಸೆಲ್ ಎಂಜಿನ್. ಹಳಿಯೂ ಮಾಮೂಲಿ ಹಳಿಯೇ. ಈ ರೈಲು ಪ್ರಪಂಚಕ್ಕೆಲ್ಲ ಯಾಕೆ ಹೆಸರಾಯಿತೋ ಆ ಭಾಗ ಕೂನೂರಿನಿಂದ ಕೆಳಗಿದೆ, ಕಲ್ಲಾರ್‌ವರೆಗೆ. ಅದನ್ನು ನೋಡಬೇಕಾದ್ರೆ ಬೆಟ್ಟದ ಬುಡದ ಮೇಟ್ಟುಪಾಳ್ಯಂಗೆ ಹೋಗಿ ಬೆಳಗಿನ ರೈಲು ಹಿಡಿಯಬೇಕು.

ಈಗ ಇತಿಹಾಸಕ್ಕೆ ಬರೋಣ. 1799ರಲ್ಲಿ ಟಿಪ್ಪು ಸುಲ್ತಾನ್ ಬಿದ್ದ ಮೇಲೆ ನೀಲಗಿರಿ ಕಂಪನಿಯ ಕೈಗೆ ಹೋಯಿತು. 1819ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಬೆಟ್ಟ ಹತ್ತಿದ. ತಣ್ಣನೆ ಗಾಳಿ ಬಿಳಿಯರಿಗೆ ಹಿಡಿಸಿತು. ಆಮೇಲೆ ಊಟಿ ಮದ್ರಾಸ್ ಸರ್ಕಾರದ ಬೇಸಿಗೆ ರಾಜಧಾನಿಯೇ ಆಗಿಬಿಟ್ಟಿತು. ಬೇಸಿಗೆ ಬಂತೆಂದರೆ ಇಡೀ ಸರ್ಕಾರ ಗಂಟುಮೂಟೆ ಕಟ್ಟಿಕೊಂಡು ಬೆಟ್ಟ ಹತ್ತಬೇಕು. ಹೇಗೆ? ಎತ್ತಿನ ಗಾಡಿ, ಕುದುರೆ ಗಾಡಿ. ರೈಲು ಹಾಕೋಣ ಅನ್ನೋ ಮಾತು 1854ರಲ್ಲೇ ಎದ್ದಿತ್ತು. ಮೇಟ್ಟುಪಾಳ್ಯಂವರೆಗೆ ರೈಲು 1873ಕ್ಕೆ ಬಂತು. ಅಲ್ಲಿಂದ ಮೇಲಕ್ಕೆ? ಬೆಟ್ಟ ಗೋಡೆಯ ಹಾಗೆ ನಿಂತಿತ್ತು.

1882ರಲ್ಲಿ ಸ್ವಿಟ್ಜರ್ಲೆಂಡಿನಿಂದ ನಿಕ್ಲಾಸ್ ರಿಗ್ಗೆನ್‌ಬಾಕ್ ಬಂದ. ಸಾಮಾನ್ಯ ಮನುಷ್ಯ ಅಲ್ಲ. 1871ರಲ್ಲಿ ತನ್ನ ದೇಶದ ರಿಗಿ ಬೆಟ್ಟಕ್ಕೆ ಯೂರೋಪಿನ ಮೊದಲ ಹಲ್ಲುಪಟ್ಟಿ ರೈಲು ಹತ್ತಿಸಿದ್ದವನು. ಅವನ ಯೋಜನೆ ನಂಬಿ ಕಂಪನಿ ಕಟ್ಟಿದರು. 1891ರಲ್ಲಿ ಮದ್ರಾಸ್ ಗವರ್ನರ್ ಲಾರ್ಡ್ ವೆನ್‌ಲಾಕ್ ಕೆಲಸಕ್ಕೆ ಚಾಲನೆ ಕೊಟ್ಟ. ಮೂರೇ ವರ್ಷ, ಕಂಪನಿ ದಿವಾಳಿ! ಹೊಸ ಕಂಪನಿ ಹುಟ್ಟಿತು, ಕೆಲಸ ಮುಂದುವರಿಯಿತು. 1899ರಲ್ಲಿ ರೈಲು ಕೂನೂರು ಮುಟ್ಟಿತು. ಉಳಿದ ದಾರಿಗೆ ಇನ್ನೂ ಒಂಬತ್ತು ವರ್ಷ. 1908ರಲ್ಲಿ ಮೊದಲು ಫರ್ನ್‌ಹಿಲ್, ಅಂದರೆ ನಮ್ಮ ಮೈಸೂರು ಮಹಾರಾಜರ ಬೇಸಿಗೆ ಅರಮನೆ ಇದ್ದ ಜಾಗ. ಅದೇ ವರ್ಷ ಊಟಿ. 1854ರಿಂದ 1908, ಲೆಕ್ಕ ಹಾಕಿ, 54 ವರ್ಷ. ನಮ್ಮ ಮೆಟ್ರೋ ತಡವಾಯಿತು ಅಂತ ಬೈಯುವವರು ಸ್ವಲ್ಪ ಸಮಾಧಾನ ಪಟ್ಟುಕೊಳ್ಳಬಹುದು!

46 ಕಿಲೋಮೀಟರ್ ದಾರಿ. 16 ಸುರಂಗ, 208 ತಿರುವು, 250 ಸೇತುವೆ. 326 ಮೀಟರ್ ಎತ್ತರದಲ್ಲಿ ಹೊರಟು 2,203 ಮೀಟರ್‌ಗೆ ತಲುಪುತ್ತೆ. ಈ ಅಂಕಿಗಳು ಎಲ್ಲ ಬೋರ್ಡಿನ ಮೇಲೂ ಇವೆ. ಕಲ್ಲಾರ್ ದಾಟಿದ ಮೇಲೆ ಏನಾಗುತ್ತೆ ಅನ್ನೋದನ್ನು ಮಾತ್ರ ಯಾವ ಬೋರ್ಡೂ ಸರಿಯಾಗಿ ಹೇಳೋದಿಲ್ಲ.

ಸಕಲೇಶಪುರ–ಸುಬ್ರಹ್ಮಣ್ಯ ಘಾಟಿ ನೋಡಿದ್ದೀರಲ್ಲ? ಅಲ್ಲಿ 50 ಅಡಿ ಮುಂದೆ ಹೋದರೆ ಒಂದು ಅಡಿ ಏರು. ಅಷ್ಟಕ್ಕೇ ಹಿಂದೆ ಮುಂದೆ ಎಂಜಿನ್ ಹಾಕಿ ಒದ್ದಾಡುತ್ತಾರೆ. ನೀಲಗಿರಿಯಲ್ಲಿ 12 ಅಡಿಗೆ ಒಂದು ಅಡಿ! ಕಬ್ಬಿಣದ ಹಳಿಯ ಮೇಲೆ ಕಬ್ಬಿಣದ ಚಕ್ರ ಅಂಥ ಏರಿನಲ್ಲಿ ಜಾರುತ್ತೆ. ಅದಕ್ಕೆ ಎರಡು ಹಳಿಗಳ ನಡುವೆ ಗರಗಸದಂಥ ಹಲ್ಲಿನ ಪಟ್ಟಿ ಹಾಸಿದ್ದಾರೆ. ಒಂದಲ್ಲ, ಜೋಡಿ ಪಟ್ಟಿ. ಒಂದರ ಹಲ್ಲು ಇರುವ ಕಡೆ ಇನ್ನೊಂದರ ಸಂದು. ಎಂಜಿನ್ನಿನ ಹೊಟ್ಟೆಯ ಕೆಳಗಿನ ಹಲ್ಲುಚಕ್ರ ಆ ಪಟ್ಟಿಯನ್ನು ಕಚ್ಚಿಕೊಂಡು ಮೇಲೇರುತ್ತೆ. ಒಂದು ಹಲ್ಲು ಬಿಡೋದರೊಳಗೆ ಪಕ್ಕದ ಹಲ್ಲು ಹಿಡಿದಿರುತ್ತೆ, ಹಿಡಿತ ತಪ್ಪೋದೇ ಇಲ್ಲ. ಭಾರತದಲ್ಲಿ ಹೀಗೆ ಹತ್ತುವ ರೈಲು ಇದೊಂದೇ. ತಮಾಷೆ ಏನು ಗೊತ್ತಾ? ಈ ಜೋಡಿ ಪಟ್ಟಿ ರಿಗ್ಗೆನ್‌ಬಾಕ್‌ನ ವಿಧಾನ ಅಲ್ಲ. ಅವನ ಕೈಕೆಳಗೆ ಕೆಲಸ ಮಾಡಿದ್ದ ರೋಮನ್ ಆಬ್ಟ್ ಎಂಬವನದು. ಗುರು ಬಂದು ಬೆಟ್ಟ ನೋಡಿ ಹೋದ, ಬೆಟ್ಟ ಒಪ್ಪಿಕೊಂಡಿದ್ದು ಶಿಷ್ಯನ ಹಲ್ಲನ್ನು.

ಆದರೂ ಗುರು ಪೂರ್ತಿ ಹೋಗಲಿಲ್ಲ. ಇಳಿಯುವಾಗ ನೋಡಿ. ಡ್ರೈವರ್ ಹಬೆ ನಿಲ್ಲಿಸಿ, ಸಿಲಿಂಡರುಗಳು ಹೊರಗಿನ ಗಾಳಿಯನ್ನು ಎಳೆದುಕೊಂಡು ಒತ್ತುವಂತೆ ಮಾಡ್ತಾನೆ. ಸೈಕಲ್ ಪಂಪಿನ ಬಾಯಿ ಬೆರಳಿಂದ ಮುಚ್ಚಿ ಒತ್ತಿದರೆ ಕೈಗೆ ಎದುರು ತಳ್ಳುತ್ತಲ್ಲ, ಹಾಗೆ. ಆ ಎದುರೊತ್ತಡವೇ ಬ್ರೇಕು. ಆ ಬ್ರೇಕು ರಿಗ್ಗೆನ್‌ಬಾಕ್‌ನದೇ.

ಇಲ್ಲಿನ ಎಂಜಿನ್ನಿಗೆ ‘ಎಕ್ಸ್’ ವರ್ಗ ಅಂತ ಹೆಸರು. ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್ ಊರಿನ ಎಸ್‌ಎಲ್‌ಎಂ ಕಾರ್ಖಾನೆ ಮಾಡಿದ್ದು. ಮೊದಲ ಮಹಾಯುದ್ಧದ ಕಾಲದಿಂದ ಶುರುವಾಗಿ 1950ರ ದಶಕದ ಆರಂಭದವರೆಗೂ ಕಂತು ಕಂತಾಗಿ ಬಂದವು. ಇದಕ್ಕೆ ನಾಲ್ಕು ಸಿಲಿಂಡರ್. ಕೆಳಗಿನ ಎರಡು ಮಾಮೂಲಿ ಚಕ್ರ ತಿರುಗಿಸಿದರೆ ಮೇಲಿನ ಎರಡು ಹಲ್ಲುಚಕ್ರ ತಿರುಗಿಸುತ್ತವೆ. ಸಪಾಟು ದಾರಿಯಲ್ಲಿ ಕೆಳಗಿನ ಜೋಡಿ ಸಾಕು. ಹಲ್ಲುಪಟ್ಟಿ ಬಂದ ಕೂಡಲೇ ಕೆಳಗಿನ ಸಿಲಿಂಡರಿನಲ್ಲಿ ಒಮ್ಮೆ ದುಡಿದ ಹಬೆಯನ್ನೇ ಮೇಲಿನ ಸಿಲಿಂಡರಿಗೆ ಕಳಿಸಿ ಮತ್ತೊಮ್ಮೆ ದುಡಿಸುತ್ತಾರೆ. ನಮ್ಮಮ್ಮಂದಿರು ಕಾಫಿಪುಡಿಯ ಗಸಿಗೆ ಎರಡನೇ ಸಲ ನೀರು ಹಾಕ್ತಾರಲ್ಲ, ಅದೇ ಲೆಕ್ಕ. ಪಕ್ಕದಲ್ಲಿ ನಿಂತು ನೋಡಿದರೆ ಮೇಲಿನ ಸರಳುಗಳು ಒಂದು ಕಡೆಗೆ, ಕೆಳಗಿನವು ಇನ್ನೊಂದು ಕಡೆಗೆ ತಿರುಗುತ್ತಿರುತ್ತವೆ. ನಾನು ಎಷ್ಟೋ ಯಂತ್ರ ನೋಡಿದ್ದೇನೆ, ಕಣ್ಣು ಕೀಳಲಾಗದಂಥದ್ದು ಇದೊಂದೇ. ಈ ಇಡೀ ಸರ್ಕಸ್ಸಿನ ವೇಗ ಎಷ್ಟು? ಗಂಟೆಗೆ ಸುಮಾರು 13 ಕಿಲೋಮೀಟರ್!

ಇನ್ನು ಶೀರ್ಷಿಕೆಯ ವಿಷಯ. ಈ ಎಂಜಿನ್ ರೈಲಿನ ಮುಂದೆ ಇರೋದಿಲ್ಲ. ಹತ್ತುವಾಗ ಹಿಂದಿನಿಂದ ತಳ್ಳುತ್ತೆ, ಇಳಿಯುವಾಗ ಕೆಳಗಡೆ ನಿಂತು ತಡೆಯುತ್ತೆ. ಯಾವಾಗಲೂ ಇಳಿಜಾರಿನ ಕಡೆಗೇ. ಅಕಸ್ಮಾತ್ ಬೋಗಿಯ ಕೊಂಡಿ ಕಳಚಿದರೂ ಜನ ಕಣಿವೆಗೆ ಉರುಳಬಾರದು, ಎಂಜಿನ್ ಅಡ್ಡ ಇರಬೇಕು. ಸರಿ, ಹಾಗಾದರೆ ದಾರಿ ನೋಡೋರು ಯಾರು? ಹತ್ತುವಾಗ ಡ್ರೈವರ್ ಕಣ್ಣ ಮುಂದಿರೋದು ಬೋಗಿಗಳ ಬೆನ್ನು. ತಿರುವಿನಾಚೆ ಬಂಡೆ ಬಿದ್ದಿದೆಯೋ, ಆನೆ ನಿಂತಿದೆಯೋ ಅವನಿಗೆ ಕಾಣೋದೇ ಇಲ್ಲ.

ನೋಡೋರು ಬ್ರೇಕ್‌ಮನ್‌ಗಳು. ಒಂದೊಂದು ಬೋಗಿಗೂ ಒಬ್ಬೊಬ್ಬ. ಬೋಗಿಯ ತುದಿಯ ಪುಟ್ಟ ಕಟ್ಟೆಯ ಮೇಲೆ ಬಿಸಿಲು, ಮಳೆ, ಮಂಜಿನಲ್ಲಿ ನಿಂತಿರುತ್ತಾರೆ. ಕೈಯಲ್ಲಿ ಹಸಿರು, ಕೆಂಪು ಬಾವುಟ. ಎಲ್ಲರಿಗಿಂತ ಮುಂದಿನವನು ದಾರಿ ನೋಡಿ ಬಾವುಟ ತೋರಿಸಿದರೆ ಅದು ಬೋಗಿಯಿಂದ ಬೋಗಿಗೆ ದಾಟಿ ಹಿಂದಿರುವ ಡ್ರೈವರ್‌ಗೆ ಮುಟ್ಟುತ್ತೆ. ಡ್ರೈವರ್ ಸೀಟಿ ಊದಿ ಹೇಳಿದ ಹಾಗೆ ಇವರು ತಮ್ಮ ತಮ್ಮ ಬೋಗಿಯ ಬ್ರೇಕು ಬಿಗಿ ಮಾಡ್ತಾರೆ, ಸಡಿಲಿಸ್ತಾರೆ. ಅಂದರೆ ಈ ರೈಲಿನ ಕಣ್ಣು ಒಬ್ಬರದು, ಕೈ ಹಲವರದು, ಉಸಿರು ಮಾತ್ರ ಎಂಜಿನ್ನಿನದು. ಈ ಬಾವುಟ, ಸೀಟಿಯ ಭಾಷೆ ಒಂದು ದಿನ ತಪ್ಪಿದರೆ ಎಷ್ಟು ಒಳ್ಳೆ ಎಂಜಿನ್ ಇದ್ದು ಏನು ಪ್ರಯೋಜನ? ಹಾಡಿನ ದೃಶ್ಯದಲ್ಲಿ ನಮಗೆ ಕಾಣದೇ ಹೋದವರು ಇವರೇ.

ಇದೇ ಕಾರಣಕ್ಕೆ ಪಾರಂಪರಿಕ ರೈಲು ಅಂದರೆ ಹಳೇ ಕಬ್ಬಿಣ ಅನ್ನೋ ಮಾತನ್ನು ನಾನು ಒಪ್ಪೋದಿಲ್ಲ. ಹಳೇ ಕಬ್ಬಿಣ ನಮ್ಮಲ್ಲೂ ಇದೆ. 1979ರಲ್ಲಿ ಶುರುವಾದ ಮೈಸೂರಿನ ರೈಲ್ವೆ ಮ್ಯೂಸಿಯಂಗೆ ಹೋಗಿ. ರೈಲು ಕೂನೂರು ಮುಟ್ಟಿದ ಅದೇ 1899ರ ಮಹಾರಾಣಿ ಸಲೂನ್ ಅಲ್ಲಿದೆ. ಬಣ್ಣ ಬಳಿದ ಎಂಜಿನ್‌ಗಳಿವೆ, ಮಕ್ಕಳು ಹತ್ತಿ ಇಳೀತಾರೆ. ಒಳ್ಳೆಯದೇ. ಆದರೆ ಯಾವುದರ ಒಲೆಯಲ್ಲೂ ಬೆಂಕಿ ಇಲ್ಲ. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಮಲೆನಾಡಿನ ಕಾಡಿನೊಳಗೆ ಸಣ್ಣ ಹಳಿಯ ರೈಲು ಓಡ್ತಿತ್ತು. ಈಗ ಆ ಊರಿನ ಹುಡುಗರಿಗೆ ಹೇಳಿದರೆ ನಂಬೋದಿಲ್ಲ. ನಿಂತ ರೈಲಿನ ಕಬ್ಬಿಣ ಉಳಿದರೂ ಅದನ್ನು ಓಡಿಸುವ ವಿದ್ಯೆ ಉಳಿಯೋದಿಲ್ಲ. ಆ ವಿದ್ಯೆ ದಿನಾ ಮಾಡಿದರೆ ಮಾತ್ರ ಇರುತ್ತೆ.

ನೀಲಗಿರಿಯಲ್ಲಿ ಅದು ಉಳಿದದ್ದೂ ಸಲೀಸಾಗಿ ಅಲ್ಲ. 2005ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು, ಡಾರ್ಜಿಲಿಂಗ್ 1999ರಲ್ಲೇ ಸೇರಿತ್ತು, ಕಾಲ್ಕಾ–ಶಿಮ್ಲಾ 2008ರಲ್ಲಿ. ಪಟ್ಟಿ ಸೇರಿದರೆ ಬೆಟ್ಟ ಸುಮ್ಮನಿರುತ್ತಾ? 2009ರ ನವೆಂಬರ್ ಮಳೆಗೆ ಗುಡ್ಡ ಕುಸಿದು ರೈಲು ತಿಂಗಳುಗಟ್ಟಲೆ ನಿಂತಿತು. ಹಿಲ್‌ಗ್ರೋವ್ ಬಳಿ ಹಳಿ ಪಕ್ಕ ಕಟ್ಟಿದ ಗೋಡೆ ಆನೆಗಳ ದಾರಿಗೆ ಅಡ್ಡ ಆಗಿ, ಅವು ದಾಟಲಾರದೆ ಪರದಾಡಿದ ವಿಡಿಯೋ 2022ರಲ್ಲಿ ಹರಿದಾಡಿತು. ಜನ ಛೀಮಾರಿ ಹಾಕಿದ ಮೇಲೆ ಗೋಡೆ ಒಡೆದರು. ಕಾಡು ರೈಲಿಗಿಂತ ಹಳೆಯದು ಅನ್ನೋದು ಎಂಜಿನಿಯರುಗಳಿಗೂ ಆಗಾಗ ನೆನಪಿಸಬೇಕಾಗುತ್ತೆ.

ಅದಕ್ಕಿಂತ ದೊಡ್ಡ ಕಂಟಕ ಎಂಜಿನ್ನಿನದೇ. ನೂರು ವರ್ಷದ ಬಾಯ್ಲರ್ ಎಷ್ಟು ದಿನ ತಡೆಯುತ್ತೆ? ಸ್ವಿಟ್ಜರ್ಲೆಂಡಿನ ಆ ಕಾರ್ಖಾನೆಯೇ ಈಗ ಇಲ್ಲ. ಬಿಡಿಭಾಗ ಬೇಕು ಅಂತ ಪತ್ರ ಬರೆಯೋಣ ಅಂದರೆ ವಿಳಾಸವೇ ಇಲ್ಲ! ಡೀಸೆಲ್ ಹಾಕಿ ಮುಗಿಸಿಬಿಡಿ ಅಂತ ಸಲಹೆ ಕೊಡೋದು ಸುಲಭ. ತಿರುಚಿರಾಪಳ್ಳಿಯ ಪೊನ್ಮಲೈ ರೈಲ್ವೆ ಕಾರ್ಖಾನೆಯವರು ಬೇರೆ ದಾರಿ ಹಿಡಿದರು. ಅದೇ ಎಕ್ಸ್ ವರ್ಗದ ಎಂಜಿನ್ನನ್ನು ಮೊದಲಿನಿಂದ ಹೊಸದಾಗಿ ಕಟ್ಟಿದರು. ಎಣ್ಣೆ ಉರಿಸುವ ಮೊದಲ ಹೊಸ ಎಂಜಿನ್ ಹೊರಬಂದದ್ದು 2011ರಲ್ಲಿ. ಮುಂದಿನ ಕೆಲವೇ ವರ್ಷಗಳಲ್ಲಿ ಒಟ್ಟು ನಾಲ್ಕಾದವು.

ಇಲ್ಲಿ ಶುರುವಾಯಿತು ನೋಡಿ ಜಗಳ. ರೈಲು ಪ್ರೇಮಿಗಳು ಮೂಗು ಮುರಿದರು. ಇದು ನಕಲು, ಕಲ್ಲಿದ್ದಲ ಹೊಗೆ ಇಲ್ಲದ ಮೇಲೆ ಅದೆಂಥ ಪರಂಪರೆ ಅಂತ. ಅವರ ಬೇಜಾರು ನನಗೆ ಅರ್ಥವಾಗುತ್ತೆ, ವಾದ ಹಿಡಿಸೋದಿಲ್ಲ. ನಮ್ಮೂರ ತೇರಿನ ಚಕ್ರ ಸವೆದರೆ ಆಚಾರಿ ಹೊಸ ಚಕ್ರ ಕೂರಿಸ್ತಾನೆ. ಅಚ್ಚು ಮುರಿದರೆ ಅಚ್ಚು ಬದಲಾಗುತ್ತೆ. ಅಜ್ಜ ಎಳೆದ ತೇರಿನ ಒಂದು ಮರದ ತುಂಡೂ ಮೊಮ್ಮಗನ ಕಾಲಕ್ಕೆ ಉಳಿದಿರೋದಿಲ್ಲ. ತೇರು ಅದೇ ಅಲ್ಲ ಅಂತ ಯಾರಾದರೂ ಹೇಳ್ತಾರಾ? ವರ್ಷ ವರ್ಷ ಎಳೆಯುವವರು ಇದ್ದರು, ಕೆತ್ತುವ ಕೈ ಇತ್ತು, ಅದಕ್ಕೆ ತೇರು ಅದೇ. ಪೊನ್ಮಲೈಯಲ್ಲಿ ಆದದ್ದೂ ಅದೇ. ಹಲ್ಲುಚಕ್ರ ಕಡೆಯೋದು, ಬಾಯ್ಲರ್ ಕಟ್ಟೋದು, ಹಬೆ ಎಂಜಿನ್ನಿನ ಲೆಕ್ಕಾಚಾರ, ಇದೆಲ್ಲ ದೇಶ ಮರೆಯುತ್ತಿದ್ದ ಕಾಲದಲ್ಲಿ ಒಂದು ಸರ್ಕಾರಿ ಕಾರ್ಖಾನೆಯ ಕಾರ್ಮಿಕರು ಮತ್ತೆ ಕಲಿತರು. ನಷ್ಟದ ಲೆಕ್ಕ ಬರೆಯುವವರು ಇದನ್ನು ಯಾವ ಕಾಲಮ್ಮಿನಲ್ಲಿ ಬರೀತಾರೆ, ಸ್ವಲ್ಪ ಹೇಳಲಿ. ನೂರು ರೂಪಾಯಿ ಖರ್ಚಿಗೆ ಎಷ್ಟು ರೂಪಾಯಿ ಟಿಕೆಟ್ ಬಂತು ಅಂತ ಕೇಳೋ ದೇಶ, ಹಂಪಿಯ ಕಲ್ಲಿನ ರಥಕ್ಕೆ ಬಾಡಿಗೆ ಎಷ್ಟು ಬರುತ್ತೆ ಅಂತಲೂ ಕೇಳಬೇಕಲ್ಲ?

ಕಲ್ಲಿದ್ದಲು ಪ್ರೇಮಿಗಳ ದೂರಿಗೂ ಪೊನ್ಮಲೈಯವರೇ ಉತ್ತರ ಕೊಟ್ಟರು. 2021ರ ಆಗಸ್ಟ್‌ನಲ್ಲಿ ಕಲ್ಲಿದ್ದಲು ಉರಿಸುವ ಹೊಸ ಎಕ್ಸ್ ಎಂಜಿನ್ ಕಾರ್ಖಾನೆಯಿಂದ ಹೊರಬಂತು, ಸಂಖ್ಯೆ 37400. ಸ್ವಿಸ್ ನಕ್ಷೆಯ ಎಂಜಿನ್, ತಮಿಳು ಕಾರ್ಮಿಕರ ಕೈಕೆಲಸ, ಒಲೆಗೆ ಕಲ್ಲಿದ್ದಲು. ಅದನ್ನು ಬೆಟ್ಟ ಹತ್ತಿಸಬೇಕಾದರೆ ಹೊಸ ಹುಡುಗನೊಬ್ಬ ಹಳೇ ಫೈರ್‌ಮನ್ ಪಕ್ಕ ನಿಂತು, ಒಲೆಯ ಯಾವ ಮೂಲೆಗೆ ಎಷ್ಟು ಎಸೆಯಬೇಕು, ಹಿಲ್‌ಗ್ರೋವ್‌ನಲ್ಲಿ ನೀರು ತುಂಬಿಸಿಕೊಳ್ಳೋವರೆಗೆ ಹಬೆ ಹೇಗೆ ಉಳಿಸಬೇಕು ಅಂತ ಕಲಿಯಬೇಕು. ಅದು ಪುಸ್ತಕದಲ್ಲಿ ಬರೋದಿಲ್ಲ. ಮೇಟ್ಟುಪಾಳ್ಯಂನಿಂದ ರೈಲು ಬೆಳಗ್ಗೆ 7.10ಕ್ಕೆ ಹೊರಡುತ್ತೆ. ಎಂಜಿನ್ನಿನ ಒಲೆ ಹಚ್ಚುವವನು ಅದಕ್ಕೂ ಎಷ್ಟೋ ಗಂಟೆ ಮೊದಲೇ, ಕತ್ತಲಲ್ಲಿ, ಎದ್ದಿರುತ್ತಾನೆ.