ಎಡೆದೊರೆ ನಾಡಿನ ಸುತ್ತಿನ ಹಳೆಯ ಚರ್ಚುಗಳು

ಚರಿತ್ರೆಯೆಂದೊಡನೆ ನಮ್ಮ ವಿದ್ಯಾರ್ಥಿಗಳ ಕಣ್ಣ ಮುಂದೆ ಕೋಟೆ, ಕಾಳಗ, ಪಟ್ಟಾಭಿಷೇಕಗಳೇ ಬಂದು ನಿಲ್ಲುವುವು. ಗದ್ವಾಲದ ಬಾಲಕನಿಗೆ ಕೋಟೆಯೊಳಗಿನ ಚೆನ್ನಕೇಶವನ ಗುಡಿ ಗೊತ್ತು. ಆಲಂಪುರದ ನವಬ್ರಹ್ಮ ದೇವಾಲಯಗಳು ಬಾದಾಮಿಯ ಚಾಲುಕ್ಯರ ಕಾಲದವೆಂಬುದನ್ನೂ ಅವನು ಬಲ್ಲನು. ಆದರೆ ನಮ್ಮ ಚಿಕ್ಕ ಊರುಗಳ ಅಂಚಿನಲ್ಲಿ ಸುಣ್ಣ ಬಳಿದ ಗೋಡೆ, ಹೆಂಚಿನ ಮಾಡು, ಒಂದು ಗಂಟೆ, ಒಂದು ಶಿಲುಬೆ ಹೊತ್ತು ನಿಂತಿರುವ ಚರ್ಚಿಗೂ ಚರಿತ್ರೆಯುಂಟೆಂದು ಯಾರೂ ಅವನಿಗೆ ಹೇಳುವುದಿಲ್ಲ. ಅದರ ಚರಿತ್ರೆ ದೊರೆಗಳ ಚರಿತ್ರೆಯಲ್ಲ. ಬಹುಮಟ್ಟಿಗೆ ಶಾಸನಗಳಲ್ಲಿ ಹೆಸರಿಲ್ಲದವರ ಚರಿತ್ರೆ. ಅದನ್ನು ಓದುವ ಬಗೆಯನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಮೊದಲು ಮಾತುಗಳನ್ನೇ ನೋಡೋಣ. ಕರಾವಳಿಯ ಕನ್ನಡದಲ್ಲಿ ಚರ್ಚಿಗೆ 'ಇಗರ್ಜಿ' ಎಂಬ ಹೆಸರಿದೆ. ಅದು ಪೋರ್ಚುಗೀಸ್ ಶಬ್ದ. 'ಪಾದ್ರಿ'ಯೂ ಆ ಭಾಷೆಯದೇ. ಬೀಗದ 'ಚಾವಿ', ಪಲ್ಯದ 'ಬಟಾಟೆ', ಶಾಲೆಯ 'ಅಲಮಾರು' ಇವೆಲ್ಲ ಅದೇ ದಾರಿಯಿಂದ ಬಂದವು. 'ಚರ್ಚು' ಎಂಬುದಾದರೋ ಇಂಗ್ಲಿಷಿನಿಂದ ಬಂದಿತು. ಅಂದರೆ ನಮ್ಮ ನಾಡಿಗೆ ಕ್ರೈಸ್ತರು ಒಂದೇ ಸಲ ಒಂದೇ ದಿಕ್ಕಿನಿಂದ ಬಂದವರಲ್ಲ. ಪಡುವಣದಿಂದ ಗೋವೆಯ ಪೋರ್ಚುಗೀಸರ ಅಲೆ ಮೊದಲು ಬಂದಿತು. ಮೂಡಣ, ತೆಂಕಣಗಳಿಂದ ಇಂಗ್ಲಿಷ್ ಮತ್ತು ಅಮೇರಿಕನ್ ಮಿಶನ್ನುಗಳ ಅಲೆ ಸುಮಾರು ಮುನ್ನೂರು ವರುಷಗಳ ತರುವಾಯ ಬಂದಿತು. ಕೃಷ್ಣಾ ತುಂಗಭದ್ರೆಗಳ ನಡುವಣ ನಮ್ಮ ಎಡೆದೊರೆ ನಾಡನ್ನು ಈ ಎರಡು ಅಲೆಗಳೂ ಮುಟ್ಟಿದುವು.

ಮೊದಲನೆಯ ಅಲೆಯ ಗುರುತು ಮುದಗಲ್ಲಿನಲ್ಲಿದೆ. ಇದು ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲೂಕಿನ ಕೋಟೆಯ ಊರು. ರಾಯಚೂರು ಮುದಗಲ್ಲುಗಳಿಗಾಗಿ ವಿಜಯನಗರದ ಅರಸರೂ ಬಿಜಾಪುರದ ಸುಲ್ತಾನರೂ ಎಷ್ಟು ಬಾರಿ ಹೋರಾಡಿದರೆಂಬುದನ್ನು ನಮ್ಮ ಪಠ್ಯಪುಸ್ತಕಗಳು ಹೇಳುತ್ತವೆ. ಅವು ಹೇಳದ ಸಂಗತಿಯೊಂದನ್ನು ಬ್ರಿಟಿಷರ ಕಾಲದ ಇಂಪೀರಿಯಲ್ ಗೆಜೆಟಿಯರ್ ದಾಖಲಿಸಿದೆ: ಮುದಗಲ್ಲಿನಲ್ಲಿ ಮೇರಿ ಮಾತೆಯ ಚಿತ್ರಪಟವಿರುವ ರೋಮನ್ ಕ್ಯಾಥೊಲಿಕ್ ಚರ್ಚೊಂದುಂಟು, ಅದನ್ನು ಜೆಸ್ಯೂಟ್ ಪಾದ್ರಿಗಳು 1557ಕ್ಕೆ ಮೊದಲೇ ಕಟ್ಟಿದರು.

ಈ ಕಾಲವನ್ನು ವಿದ್ಯಾರ್ಥಿಗಳು ಸ್ವಲ್ಪ ಲೆಕ್ಕ ಹಾಕಿ ನೋಡಬೇಕು. ಪೋರ್ಚುಗೀಸರು ಬಿಜಾಪುರದವರಿಂದ ಗೋವೆಯನ್ನು ಗೆದ್ದುಕೊಂಡುದು 1510ರಲ್ಲಿ. ಜೆಸ್ಯೂಟ್ ಸಂಘಕ್ಕೆ ಪೋಪರ ಮನ್ನಣೆ ದೊರೆತುದು 1540ರಲ್ಲಿ. ಆ ಸಂಘದ ಫ್ರಾನ್ಸಿಸ್ ಕ್ಸೇವಿಯರರು ಗೋವೆಯಲ್ಲಿ ಕಾಲಿಟ್ಟುದು 1542ರಲ್ಲಿ. ಎಂದ ಮೇಲೆ ಅವರು ಬಂದ ಹದಿನೈದು ವರುಷಗಳೊಳಗಾಗಿಯೇ ಘಟ್ಟವನ್ನೇರಿ ಬಯಲುಸೀಮೆಯ ನಡುವಿನ ಈ ಕೋಟೆಯವರೆಗೆ ಆ ಸಂಘದ ಪಾದ್ರಿಗಳು ಬಂದಿದ್ದರೆಂದಾಯಿತು. ಆಗ ಬಿಜಾಪುರದಲ್ಲಿ ಒಂದನೆಯ ಇಬ್ರಾಹಿಮ್ ಆದಿಲ್‌ಶಹನ ಆಳಿಕೆ. ಅವನ ಮಗ ಅಲಿ ಆದಿಲ್‌ಶಹನು 1561ರಲ್ಲಿ ಗೋವೆಯಿಂದ ಪಾದ್ರಿಗಳನ್ನು ಕರೆಸಿಕೊಂಡು ದರಬಾರಿನಲ್ಲಿ ಧರ್ಮಚರ್ಚೆ ನಡೆಯಿಸಿದನು. ಹೀಗೆ ಹೋದವರಲ್ಲಿ ಗೊನ್ಸಾಲೊ ರೊಡ್ರಿಗಸ್ ಎಂಬ ಜೆಸ್ಯೂಟರೂ ಒಬ್ಬರು. ವಿಜಯನಗರದ ವೈಭವವನ್ನು ಮುರಿದ ರಕ್ಕಸಗಿ ತಂಗಡಗಿ ಯುದ್ಧ ನಡೆದುದು 1565ರಲ್ಲಿ. ಹಂಪೆಯ ಬಜಾರುಗಳು ಇನ್ನೂ ತುಂಬಿ ತುಳುಕುತ್ತಿದ್ದ ದಿನಗಳಲ್ಲಿಯೇ ಮುದಗಲ್ಲಿನಲ್ಲಿ ಚರ್ಚು ಎದ್ದಿತ್ತೆಂಬುದು ಸೋಜಿಗವಲ್ಲವೇ? ಕ್ರೈಸ್ತಮತವು ಇಂಗ್ಲಿಷರ ಬೆನ್ನಿಗೆ ಬಂದುದೆಂಬ ಸಾಮಾನ್ಯ ನಂಬಿಕೆಯನ್ನು ಈ ಒಂದು ಊರು ಸುಳ್ಳುಮಾಡುತ್ತದೆ. ಆದರೆ ಇಲ್ಲಿ ಒಂದು ಎಚ್ಚರ ಬೇಕು. ಸಭೆಯ ವಯಸ್ಸು ಬೇರೆ, ಇಂದು ಕಾಣುವ ಗೋಡೆಯ ವಯಸ್ಸು ಬೇರೆ. ಗುಡಿಯಂತೆ ಚರ್ಚನ್ನೂ ತಲೆಮಾರಿನಿಂದ ತಲೆಮಾರಿಗೆ ದುರಸ್ತು ಮಾಡುತ್ತಾರೆ, ಹೆಚ್ಚಿಸಿ ಕಟ್ಟುತ್ತಾರೆ.

ಇನ್ನು ಕಟ್ಟಡದ ಬಗೆ. ನಮ್ಮ ಗುಡಿಯಲ್ಲಿ ಮುಖ್ಯವಾದುದು ಗರ್ಭಗೃಹ. ಅದು ಚಿಕ್ಕದು, ಕತ್ತಲೆಯದು. ಭಕ್ತರು ಹೊರಗೆ ನಿಂತು ದರ್ಶನ ಪಡೆಯುತ್ತಾರೆ. ಚರ್ಚಿನಲ್ಲಿ ಇಡೀ ಸಭೆಯೇ ಒಳಗೆ ಕುಳಿತು ಪ್ರಾರ್ಥಿಸಬೇಕು. ಆದುದರಿಂದ ಕಂಬಗಳ ಅಡ್ಡಿಯಿಲ್ಲದ ಉದ್ದನೆಯ ನಡುಮನೆ, ಬೆಳಕಿಗೆ ಎತ್ತರದ ಕಿಟಕಿಗಳು, ಅಗಲವಾದ ಜಾಗವನ್ನು ದಾಟಿಸುವ ಕಮಾನು ಅಥವಾ ತ್ರಿಕೋನಾಕಾರದ ಮರದ ಚೌಕಟ್ಟು ಅವಶ್ಯವಾದುವು. ಮಾಡಿಗೆ ಹಗುರವಾದ ಹೊದಿಕೆ ಬೇಕಾಯಿತು. ಬಾಸೆಲ್ ಮಿಶನ್ನಿನ ಪ್ಲೆಬ್‌ಸ್ಟ್ ಅವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರಖಾನೆಯನ್ನು ತೆರೆದ ಮೇಲೆ ಆ ಕೊರತೆ ನೀಗಿತು. ಚರ್ಚಿಗೆ ಮಾತ್ರವಲ್ಲ, ಶಾಲೆ, ಕಚೇರಿ, ರೈಲು ನಿಲ್ದಾಣಗಳಿಗೂ ಮಂಗಳೂರು ಹೆಂಚು ಹಬ್ಬಿತು.

ಪಂಥಕ್ಕೆ ತಕ್ಕಂತೆ ಒಳಗಿನ ಏರ್ಪಾಡೂ ಬೇರೆಯಾಗುತ್ತದೆ. ಕ್ಯಾಥೊಲಿಕ್ ಚರ್ಚಿನಲ್ಲಿ ಕಣ್ಣು ನೇರವಾಗಿ ಬಲಿಪೀಠಕ್ಕೆ ಹೋಗುವುದು. ಸಂತರ ಪ್ರತಿಮೆಗಳೂ ಚಿತ್ರಗಳೂ ಇರುವುವು. ಪ್ರಾಟೆಸ್ಟಂಟರಲ್ಲಿ ವಾಕ್ಯಬೋಧೆಗೆ ಹೆಚ್ಚಿನ ಸ್ಥಾನವಾದುದರಿಂದ ಪ್ರಸಂಗಪೀಠ ಎದ್ದು ಕಾಣುವುದು. ಬ್ಯಾಪ್ಟಿಸ್ಟರೂ ಮೆನ್ನೊನೈಟ್ ಬ್ರದರನ್ ಪಂಥದವರೂ ವಯಸ್ಕರನ್ನು ನೀರಿನಲ್ಲಿ ಪೂರ್ತಿಯಾಗಿ ಮುಳುಗಿಸಿ ದೀಕ್ಷಾಸ್ನಾನ ಕೊಡುವರು. ಅದಕ್ಕೆ ಹೊಳೆಯೋ ಕೆರೆಯೋ ತೊಟ್ಟಿಯೋ ಬೇಕು. ಅವರ ಮಂದಿರ ಬಹು ಸರಳ. ಪ್ರತಿಮೆಯಿಲ್ಲ, ಅಲಂಕಾರ ಕಡಮೆ. ಸರಳತೆಯನ್ನು ಕಂಡು ಕಟ್ಟಿದವರಿಗೆ ಕಲೆ ತಿಳಿಯದೆಂದು ಹೇಳಲಾಗದು. ಅದು ಅವರ ನಂಬಿಕೆಯೇ ಗೋಡೆಯಾಗಿ ನಿಂತ ರೂಪು.

ಎರಡನೆಯ ಅಲೆ ನಮ್ಮ ಕಡೆಗೆ ಎರಡು ಭಾಷೆಗಳಲ್ಲಿ ಬಂದಿತು. ತುಂಗಭದ್ರೆಯ ಆಚೆ ಬಳ್ಳಾರಿಗೆ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಅವರು 1810ರಲ್ಲಿ ಬಂದು ಕನ್ನಡ ಕಲಿತರು. ಅವರ ಮತ್ತು ಅವರ ಜೊತೆಗಾರರ ಶ್ರಮದಿಂದ 1831ರ ಹೊತ್ತಿಗೆ ಇಡೀ ಬೈಬಲ್ಲು ಕನ್ನಡಕ್ಕೆ ಬಂದಿತು. ಅಲ್ಲಿಯೇ ದುಡಿದ ವಿಲಿಯಂ ರೀವ್ ಅವರ ಕನ್ನಡ ಇಂಗ್ಲಿಷ್ ನಿಘಂಟು ಕಿಟೆಲ್ಲರ 1894ರ ಕೋಶಕ್ಕೆ ಅರುವತ್ತು ವರುಷ ಹಿರಿಯದು. ಇತ್ತ ಪಾಲಮೂರಿಗೆ, ಎಂದರೆ ಇಂದಿನ ಮಹಬೂಬ್‌ನಗರಕ್ಕೆ, ಅಮೇರಿಕನ್ ಬ್ಯಾಪ್ಟಿಸ್ಟ್ ತೆಲುಗು ಮಿಶನ್ನಿನ ಎಲ್ಬರ್ಟ್ ಚೂಟ್ ಅವರು 1885ರಲ್ಲಿ ಬಂದರು. 1937ರಲ್ಲಿ ಮಹಬೂಬ್‌ನಗರ, ಗದ್ವಾಲಗಳ ಕೆಲಸವನ್ನು ಮೆನ್ನೊನೈಟ್ ಬ್ರದರನ್ ಮಿಶನ್ನು ವಹಿಸಿಕೊಂಡಿತು. ಮುಂದೆ ನಾರಾಯಣಪೇಟೆ, ಮಕ್ತಲ್‌ಗಳೂ ಅದರ ಕ್ಷೇತ್ರದಲ್ಲಿ ಸೇರಿದುವು. ಈ ಮಿಶನ್ನುಗಳ ಪುಸ್ತಕ, ಪ್ರಾರ್ಥನೆ, ಹಾಡು ಎಲ್ಲವೂ ತೆಲುಗಿನಲ್ಲಿ.

ಗದ್ವಾಲವೂ ಆಲಂಪುರವೂ ಆಗ ರಾಯಚೂರು ಜಿಲ್ಲೆಯಲ್ಲಿದ್ದುವು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಅವು ಮಹಬೂಬ್‌ನಗರ ಜಿಲ್ಲೆಗೆ ಸೇರಿದುವು. ಹಾಗೆಂದ ಮೇಲೆ ಭಾಷೆಯ ಗಡಿಯನ್ನು ಸರಕಾರ ಕಾಗದದಲ್ಲಿ ಗೆರೆಯೆಳೆಯುವುದಕ್ಕೆ ಎಷ್ಟೋ ಮೊದಲೇ ಪ್ರಾರ್ಥನೆಯ ಭಾಷೆ ಇಲ್ಲಿ ತೆಲುಗಾಗಿ ನೆಲೆನಿಂತಿತ್ತು. ಎರಡು ನುಡಿಗಳ ನಡುವೆ ಬಾಳುವ ನಮಗೆ ಇದು ದ್ವೇಷದ ಮಾತಲ್ಲ, ತಿಳಿವಳಿಕೆಯ ಮಾತು.

ಗಾತ್ರದಲ್ಲಿ ಇವೆಲ್ಲಕ್ಕೂ ಹಿರಿದು ಮೆದಕ್ ಚರ್ಚು. ನಮ್ಮಂತೆಯೇ ನಿಜಾಮರ ಆಳಿಕೆಯಲ್ಲಿದ್ದ ಆ ಚಿಕ್ಕ ಊರಿನಲ್ಲಿ ವೆಸ್ಲಿಯನ್ ಮಿಶನ್ನಿನ ಚಾರ್ಲ್ಸ್ ವಾಕರ್ ಪಾಸ್ನೆಟ್ ಅವರು 1914ರಲ್ಲಿ ಕೆಲಸ ಆರಂಭಿಸಿದರು. 1924ರ ಡಿಸೆಂಬರ್ 25ರಂದು ಅದರ ಪ್ರತಿಷ್ಠೆಯಾಯಿತು. ಒಳಗೆ 200 ಅಡಿ ಉದ್ದ, 100 ಅಡಿ ಅಗಲ. ಗಂಟೆಗೋಪುರದ ಎತ್ತರ ಸುಮಾರು 175 ಅಡಿ. ಮೊನಚು ಕಮಾನಿನ ಗೋಥಿಕ್ ಶೈಲಿ ಇದರದು. ಬಣ್ಣದ ಗಾಜಿನ ಮೂರು ಮಹಾ ಕಿಟಕಿಗಳಲ್ಲಿ ಕ್ರಿಸ್ತನ ಜನನ, ಶಿಲುಬೆ, ಸ್ವರ್ಗಾರೋಹಣಗಳು ಚಿತ್ರಿತವಾಗಿವೆ. ಹೊರಗಿನ ಬಿಸಿಲು ಬಿದ್ದಾಗಲೇ ಅವು ಕಾಣುವುವು. ಇರುಳಿನಲ್ಲಿ ಒಳಗಿನವರಿಗೆ ಕಪ್ಪು ಗೋಡೆಯಂತೆಯೇ ಸರಿ.

ಬರದಲ್ಲಿ ಕಂಗೆಟ್ಟ ಜನರಿಗೆ ಕೂಲಿಯೂ ಕೂಳೂ ದೊರೆಯಲೆಂದು ಈ ಕಟ್ಟಡವನ್ನು ಕೈಗೊಂಡರೆಂದು ಮೆದಕಿನವರು ಹೇಳುವರು. ಇದಕ್ಕೆ ಹೋಲುವ ಇನ್ನೊಂದು ಸಂಗತಿಯುಂಟು. 1876ರಿಂದ 1878ರ ಮಹಾಕ್ಷಾಮದಲ್ಲಿ ಒಂಗೋಲಿನ ಬ್ಯಾಪ್ಟಿಸ್ಟ್ ಪಾದ್ರಿ ಕ್ಲಫ್ ಅವರು ಬಕಿಂಗ್‌ಹ್ಯಾಮ್ ಕಾಲುವೆಯ ಮೂರೂವರೆ ಮೈಲಿ ಅಗೆತದ ಗುತ್ತಿಗೆ ಹಿಡಿದು ಹಸಿದವರಿಗೆ ಕೆಲಸ ಕೊಟ್ಟರು. ಕ್ಷಾಮದ ಕೂಲಿ ನಡೆಯುತ್ತಿದ್ದಾಗ ದೀಕ್ಷೆಯನ್ನು ತಡೆಹಿಡಿದರು. ಆಮೇಲೆ 1878ರ ಜುಲೈ 3ರಂದು ಗುಂಡ್ಲಕಮ್ಮ ಹೊಳೆಯಲ್ಲಿ ಒಂದೇ ದಿನ 2,222 ಜನ ದೀಕ್ಷೆ ಪಡೆದರು. 'ಅನ್ನಕ್ಕಾಗಿ ಹೋದರು' ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಡುವವರು ಈ ಸಂಗತಿಯನ್ನು ಎದುರಿಗಿಟ್ಟುಕೊಂಡು ಯೋಚಿಸಬೇಕು. ಈ ಮಿಶನ್ನುಗಳನ್ನು ಸೇರಿದವರಲ್ಲಿ ಬಹುಮಂದಿ ಮಾಲ, ಮಾದಿಗ ಜನರು. ಗುಡಿಯ ಬಾಗಿಲು, ಶಾಲೆಯ ಬಾಗಿಲು, ಊರ ಬಾವಿ ಮೂರೂ ಅವರಿಗೆ ಮುಚ್ಚಿದ್ದುವು. ತಲೆಯೆತ್ತಿ ಒಳಹೊಕ್ಕು ಎಲ್ಲರೊಡನೆ ಕುಳಿತುಕೊಳ್ಳಬಹುದಾದ ದೊಡ್ಡ ಮನೆ ಅವರ ಪಾಲಿಗೆ ಇದೇ ಮೊದಲನೆಯದಾಗಿತ್ತು. ದೀಕ್ಷೆಯ ದಫ್ತರದಲ್ಲಿ ಗಂಡನ ಹೆಸರು, ಹೆಂಡತಿಯ ಹೆಸರು, ಊರು, ತಾರೀಖು ಬರೆಯುವರು. ಯಾವ ಶಾಸನವೂ ಬರೆಯದ ಹೆಸರುಗಳು ಅಲ್ಲಿ ಬರೆಯಲ್ಪಟ್ಟುವು.

ಈಗ ಈ ಆಧಾರಗಳಿಗೆ ಕುತ್ತು ಬಂದಿದೆ. ಸಭೆ ಬೆಳೆದಂತೆ ಹಳೆಯ ಮಂದಿರ ಸಾಲದಾಗುತ್ತದೆ. ಗಾರೆಯ ಗೋಡೆಯನ್ನು ಕೆಡವಿ ಕಾಂಕ್ರೀಟಿನ ಮಾಳಿಗೆ ಕಟ್ಟುತ್ತಾರೆ. ಅದು ಸಭೆಯವರ ಹಕ್ಕು; ತಪ್ಪೆನ್ನಲಾಗದು. ಆದರೆ ಅಸ್ತಿಭಾರದ ಕಲ್ಲು ಮಣ್ಣಿನೊಡನೆ ಹೋದರೆ ತಾರೀಖು ಹೋಯಿತು. ದಫ್ತರ ಗೆದ್ದಲಿಗೆ ಬಿದ್ದರೆ ಹೆಸರುಗಳು ಹೋದುವು. ಮರಳಿ ಅವನ್ನು ಯಾವ ಪಂಡಿತನೂ ತಂದುಕೊಡಲಾರ. ನಮ್ಮ ಸೀಮೆಯೋ ಎರಡು ರಾಜ್ಯಗಳ ಅಂಚಿನದು. ಅಲ್ಲಿಯ ಪುಸ್ತಕಕ್ಕೆ ನಾವು ಹೊರಗಿನವರು, ಇಲ್ಲಿಯ ಪುಸ್ತಕದಲ್ಲಿ ನಮಗೊಂದು ಸಾಲು ಸಿಕ್ಕರೆ ಹೆಚ್ಚು. ನಮ್ಮ ಚರಿತ್ರೆಯನ್ನು ನಾವೇ ಬರೆದುಕೊಳ್ಳದೆ ಗತ್ಯಂತರವಿಲ್ಲ.

ಆದುದರಿಂದ ಉಪಾಧ್ಯಾಯ ಬಂಧುಗಳಲ್ಲಿ ಒಂದು ಬಿನ್ನಹ. ಸಭೆಯ ಹಿರಿಯರ ಅಪ್ಪಣೆ ಪಡೆದು ಮೇಲಿನ ತರಗತಿಯ ಮಕ್ಕಳನ್ನು ಊರಿನ ಹಳೆಯ ಚರ್ಚಿಗೆ ಕರೆದೊಯ್ಯಿರಿ. ಉದ್ದ ಅಗಲಗಳನ್ನು ಅಳೆಯಿಸಿರಿ. ಅದು ಗಣಿತದ ಪಾಠವೂ ಆಗುವುದು. ಕಲ್ಲಿನ ಮೇಲಿನ ಬರಹ ತೆಲುಗಾಗಲಿ ಇಂಗ್ಲಿಷಾಗಲಿ ಇದ್ದಂತೆಯೇ ನಕಲು ಮಾಡಿಸಿರಿ. ಹೆಂಚಿನ ಬೆನ್ನ ಮೇಲಿನ ಕಾರಖಾನೆಯ ಹೆಸರು, ಗಂಟೆಯ ಮೇಲಿನ ಇಸವಿ ಇವನ್ನೂ ಬಿಡಬೇಡಿರಿ. ಕಲ್ಲು ಯಾವ ಗುಡ್ಡದ್ದು, ಮೊದಲ ಗೋಡೆಯೆತ್ತಿದ ಒಡ್ಡರು ಯಾವ ಊರಿನವರು ಎಂದು ಮುದುಕರನ್ನು ಕೇಳಿಸಿರಿ. ಗುಡಿ, ಮಸೀದಿ, ಮಠಗಳಲ್ಲಿಯೂ ಇದೇ ರೀತಿ ಮಾಡಬಹುದು. ಒಂದೊಂದು ಶಾಲೆಯಲ್ಲಿ ಇಂತಹ ಒಂದೊಂದು ಟಿಪ್ಪಣಿ ಪುಸ್ತಕ ಸಿದ್ಧವಾದರೆ ಸಾಕು. ಹತ್ತು ವರುಷಗಳಲ್ಲಿ ಗದ್ವಾಲ, ಮಕ್ತಲ್, ನಾರಾಯಣಪೇಟೆಗಳ ಚರಿತ್ರೆಗೆ ಬೇಕಾದ ಸಾಮಗ್ರಿ ನಮ್ಮ ಮಕ್ಕಳ ಕೈಬರಹದಲ್ಲಿಯೇ ಕೂಡಿಬರುವುದು.