ಮುದಿ ಯಂತ್ರವೂ ವಿಶ್ವಜಾಲವೂ

ಯಂತ್ರಗಳ ಆಯುಸ್ಸು ಎಷ್ಟು ಎಂದು ಕೇಳಿದರೆ ಉತ್ತರ ಹೇಳುವುದು ಸುಲಭವಲ್ಲ. ಅಜ್ಜಿ ಓಡಿಸಿದ ಹೊಲಿಗೆ ಯಂತ್ರ ಮೊಮ್ಮಗಳ ಲಂಗವನ್ನೂ ಹೊಲಿಯುತ್ತದೆ. ಹಳೆಯ ಗೋಡೆಗಡಿಯಾರಕ್ಕೆ ಕೀಲಿ ಕೊಟ್ಟರೆ ಈಗಲೂ ಗಂಟೆ ಹೊಡೆಯುತ್ತದೆ. ಕಂಪ್ಯೂಟರಿನ ಹಣೆಬರಹ ಮಾತ್ರ ಬೇರೆ. ಕೊಂಡ ಏಳೆಂಟು ವರ್ಷಗಳಲ್ಲೇ, ಒಂದು ತಿರುಪೂ ಸಡಿಲವಾಗದಿದ್ದರೂ, ಅದು ಕೆಲಸಕ್ಕೆ ಬಾರದ್ದೆಂದು ಮೂಲೆ ಸೇರುತ್ತದೆ. ಹೀಗಿರುವಲ್ಲಿ ನಾಲ್ವತ್ತು ವರ್ಷ ದಾಟಿದ ಮನೆಬಳಕೆಯ ಕಂಪ್ಯೂಟರೊಂದನ್ನು ಇಂದಿನ ಇಂಟರ್‌ನೆಟ್ಟಿಗೆ ಸೇರಿಸಲು ಸಾಧ್ಯವೆ? ಸಾಧ್ಯ, ಹವ್ಯಾಸಿಗಳು ಸೇರಿಸಿ ತೋರಿಸಿದ್ದಾರೆ. ಅದು ಹೇಗೆ ಒಳಗೆ ಹೋಯಿತು, ಎಲ್ಲಿ ತಡೆಯಲ್ಪಟ್ಟಿತು ಎಂಬ ಚರಿತ್ರೆಯಲ್ಲಿ ನಮ್ಮೆಲ್ಲರ ಮನೆಗೂ ಸಂಬಂಧಿಸಿದ ಸಂಗತಿಯೊಂದಿದೆ ಎಂದು ನನಗೆ ತೋರುತ್ತದೆ.

ಅಮೆರಿಕದ 'ಕಮಡೋರ್ 64' ಎಂಬ ಯಂತ್ರವನ್ನೇ ತೆಗೆದುಕೊಳ್ಳೋಣ. 1982ರ ಜನವರಿಯಲ್ಲಿ ಲಾಸ್ ವೇಗಾಸ್ ನಗರದ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡು, ಅದೇ ವರ್ಷ 595 ಡಾಲರಿನ ಬೆಲೆಗೆ ಅದು ಅಂಗಡಿಗೆ ಬಂದಿತು. ಕೀಲಿಮಣೆಯ ಹೊಟ್ಟೆಯೊಳಗೇ ಇಡೀ ಕಂಪ್ಯೂಟರು. ಪರದೆಗೆ ಮನೆಯ ಟೆಲಿವಿಷನ್ನೇ ಸಾಕು. ಹೆಸರಿನಲ್ಲಿರುವ 64 ಅದರ ನೆನಪಿನ ಅಳತೆ: 64 ಕಿಲೋಬೈಟು, ಅಂದರೆ 65,536 ಇಂಗ್ಲಿಷ್ ಅಕ್ಷರಗಳಿಗಾಗುವಷ್ಟು ಸ್ಥಳ. ಪ್ರೊಸೆಸರಿನ ಮಿಡಿತ ಸೆಕೆಂಡಿಗೆ ಸುಮಾರು ಹತ್ತು ಲಕ್ಷ. ಪರದೆಯ ಮೇಲೆ ಸಾಲಿಗೆ 40 ಅಕ್ಷರದಂತೆ 25 ಸಾಲು. ಇಂದು ನಾವು ಫೋನಿನಲ್ಲಿ ತೆಗೆಯುವ ಒಂದೇ ಒಂದು ಛಾಯಾಚಿತ್ರಕ್ಕೂ ಅದರಲ್ಲಿ ಜಾಗ ಸಾಲದು. ಆದರೂ ಆ ಯಂತ್ರಗಳು ಒಂದು ಕೋಟಿಗೂ ಮೀರಿ ಮಾರಾಟವಾದವು. 1994ರಲ್ಲಿ ಕಂಪನಿ ದಿವಾಳಿಯಾಯಿತು. ಯಂತ್ರಗಳು ಅಟ್ಟಗಳ ಮೇಲೆ ಉಳಿದುಕೊಂಡವು.

ಈ ಯಂತ್ರ ಹೊರಜಗತ್ತಿನೊಡನೆ ಮಾತಾಡಿದ ಮೊದಲ ದಾರಿ ದೂರವಾಣಿಯದು. ಅದಕ್ಕೂ ಒಂದು ಪೂರ್ವಕಥೆ ಉಂಟು. ಅಮೆರಿಕದಲ್ಲಿ ದೂರವಾಣಿ ಕಂಪನಿಯದಲ್ಲದ ಉಪಕರಣವನ್ನು ಅದರ ಜಾಲಕ್ಕೆ ಜೋಡಿಸಲು ಬಹುಕಾಲ ಅನುಮತಿಯಿರಲಿಲ್ಲ. ಟೆಕ್ಸಾಸಿನ ಥಾಮಸ್ ಕಾರ್ಟರ್ ಎಂಬವರು ರೇಡಿಯೊವನ್ನೂ ದೂರವಾಣಿಯನ್ನೂ ಬೆಸೆಯುವ 'ಕಾರ್ಟರ್‌ಫೋನ್' ಎಂಬ ತಮ್ಮ ಉಪಕರಣಕ್ಕಾಗಿ ಹೋರಾಡಿ, 1968ರಲ್ಲಿ ಅಲ್ಲಿನ ಸಂಪರ್ಕ ಆಯೋಗದಿಂದ ಅನುಕೂಲವಾದ ತೀರ್ಪನ್ನು ಪಡೆದರು. ಮುಂದೆ ಮನೆಮನೆಗೂ ಬಂದ ಮೋಡೆಮ್ಮಿಗೆ ಬಾಗಿಲು ತೆರೆದದ್ದು ಆ ತೀರ್ಪು. ಕಂಪ್ಯೂಟರಿನ ಅಂಕಿಗಳನ್ನು ದನಿಯಾಗಿ ಮಾರ್ಪಡಿಸಿ ತಂತಿಯಲ್ಲಿ ಕಳುಹಿಸುವುದು, ಬಂದ ದನಿಯನ್ನು ಮರಳಿ ಅಂಕಿಯಾಗಿಸುವುದು ಮೋಡೆಮ್ಮಿನ ಕೆಲಸ. ಕಮಡೋರ್ ಕಂಪನಿ 1982ರಲ್ಲಿ ಮಾರಿದ ಅಗ್ಗದ ಮೋಡೆಮ್ಮಿನಲ್ಲಿ ನಂಬರನ್ನು ನಾವೇ ತಿರುಗಿಸಬೇಕಾಗಿತ್ತು. ಆ ಕಡೆಯ ಕೀರಲು ದನಿ ಕೇಳಿಸಿದೊಡನೆ ರಿಸೀವರಿನ ತಂತಿಯನ್ನು ಕಿತ್ತು ಮೋಡೆಮ್ಮಿಗೆ ಸಿಕ್ಕಿಸಬೇಕಾಗಿತ್ತು. ಬರುತ್ತಿದ್ದುದು ಸೆಕೆಂಡಿಗೆ 30 ಅಕ್ಷರ. ಪರದೆ ತುಂಬಲು ಅರ್ಧ ನಿಮಿಷಕ್ಕೂ ಹೆಚ್ಚು ಬೇಕಾಗುತ್ತಿತ್ತು. ಓದುವವನ ಕಣ್ಣಿಗೂ ಬರುವ ಅಕ್ಷರಕ್ಕೂ ಹೆಚ್ಚು ಕಡಿಮೆ ಒಂದೇ ವೇಗ!

ಈ ತೊಡಕನ್ನು ಕಳೆದದ್ದು 1981ರಲ್ಲಿ ಬಂದ ಹೇಯ್ಸ್ ಕಂಪನಿಯ 'ಸ್ಮಾರ್ಟ್‌ಮೋಡೆಮ್'. ಕಂಪ್ಯೂಟರು 'ಎಟಿ' ಎಂಬ ಎರಡು ಅಕ್ಷರ ಕಳುಹಿಸಿದರೆ 'ಇಲ್ಲಿ ಕೇಳು' ಎಂದರ್ಥ. ಅದರ ಮುಂದೆ 'ಡಿ' ಎಂಬ ಅಕ್ಷರವನ್ನೂ ನಂಬರನ್ನೂ ಸೇರಿಸಿದರೆ ಮೋಡೆಮ್ಮು ತಾನೇ ಕರೆ ಮಾಡುತ್ತಿತ್ತು. ಈ ಪುಟ್ಟ ಆಜ್ಞಾಭಾಷೆ ಎಲ್ಲ ಮೋಡೆಮ್ಮುಗಳ ಭಾಷೆಯಾಯಿತು. ಓದುಗರು ಇದನ್ನು ನೆನಪಿನಲ್ಲಿಡಬೇಕು. ಮುಂದೆ ಇದು ಮತ್ತೆ ಬರಲಿದೆ. 1985ರ ನವೆಂಬರಿನಲ್ಲಿ ಕಮಡೋರ್ ಯಂತ್ರಗಳಿಗೆಂದೇ 'ಕ್ವಾಂಟಮ್ ಲಿಂಕ್' ಎಂಬ ಸೇವೆ ಆರಂಭವಾಯಿತು. ಪತ್ರ, ಹರಟೆ, ಆಟ ಎಲ್ಲವೂ ಅಲ್ಲಿದ್ದವು. ಅದನ್ನು ನಡೆಸುತ್ತಿದ್ದ ಕಂಪನಿ 1991ರಲ್ಲಿ 'ಅಮೆರಿಕ ಆನ್‌ಲೈನ್' ಎಂದು ಹೆಸರು ಬದಲಿಸಿಕೊಂಡಿತು. ಆದರೆ ಅದು ಬೇಲಿಯೊಳಗಿನ ತೋಟ, ಇಂಟರ್‌ನೆಟ್ಟಲ್ಲ.

ನಮ್ಮ ದೇಶದ ಮಾತನ್ನೂ ಇಲ್ಲೇ ಹೇಳಿಬಿಡಬಹುದು. 1984-85ರಲ್ಲಿ ಭಾರತ ಸರ್ಕಾರದ 'ಕ್ಲಾಸ್' ಯೋಜನೆಯ ಮೂಲಕ ಶಾಲೆಗಳಿಗೆ ಬಂದ 'ಬಿಬಿಸಿ ಮೈಕ್ರೊ' ಕಂಪ್ಯೂಟರುಗಳು ಕಮಡೋರಿನ ಓರಗೆಯವು. ಇಂಟರ್‌ನೆಟ್ ನಮ್ಮ ಜನಸಾಮಾನ್ಯರಿಗೆ ದೊರೆತದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಯಂತ್ರ ಮೊದಲು ಬಂದು, ದಾರಿ ಹತ್ತು ವರ್ಷ ತಡವಾಗಿ ಬಂದಿತು.

ಇನ್ನು ಇಂಟರ್‌ನೆಟ್ಟಿನ ವಿಚಾರ. ಅದರ ಮೂಲ ನಿಯಮಗಳನ್ನು ವಿಂಟ್ ಸರ್ಫ್ ಮತ್ತು ಬಾಬ್ ಕಾನ್ 1974ರಲ್ಲಿ ಲೋಕದ ಮುಂದಿಟ್ಟರು. 1981ರಲ್ಲಿ ಜಾನ್ ಪೋಸ್ಟೆಲ್ ಅವುಗಳಿಗೆ ಲಿಖಿತ ರೂಪ ಕೊಟ್ಟರು; 1983ರ ಜನವರಿ 1ರಂದು ಅರ್ಪಾನೆಟ್ ಜಾಲ ಅವುಗಳಿಗೆ ಬದಲಾಯಿಸಿಕೊಂಡಿತು. ಮಾಹಿತಿಯನ್ನು ಸಣ್ಣ ಪೊಟ್ಟಣಗಳಾಗಿ ಕಟ್ಟಿ, ಒಂದೊಂದಕ್ಕೂ ವಿಳಾಸ ಬರೆದು ಕಳುಹಿಸುವುದೇ ಈ ನಿಯಮಗಳ ಸಾರ. ಜಾಲಕ್ಕೆ ಸೇರುವ ಯಂತ್ರ ಎಷ್ಟು ದೊಡ್ಡ ಪೊಟ್ಟಣವನ್ನು ಸ್ವೀಕರಿಸಲೇಬೇಕೆಂದು ವಿಧಿಸಿದರು ಗೊತ್ತೆ? ಕೇವಲ 576 ಬೈಟು! ಕಮಡೋರಿನ ಪರದೆಯಲ್ಲಿ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೆ. ತಂತಿ ಯಾವುದು, ಯಂತ್ರ ಎಷ್ಟು ವೇಗದ್ದು, ಯಾರು ತಯಾರಿಸಿದ್ದು ಎಂಬ ಪ್ರಶ್ನೆಯೇ ಅಲ್ಲಿಲ್ಲ. ಮದುವೆಯ ಪಂಕ್ತಿಯಲ್ಲಿ ಎಲೆ ಹಾಕುವವನು ಬಂದವನ ಕುಲಗೋತ್ರ ಕೇಳದೆ ಮಣೆ ತೋರಿಸಿದಂತೆ ಇದು. ಮುದಿ ಯಂತ್ರ ಇಂದಿಗೂ ಜಾಲದೊಳಗೆ ಕಾಲಿಡಬಲ್ಲದಾದರೆ, ಅದರ ಯಶಸ್ಸು ಮೊದಲು ಈ ಔದಾರ್ಯಕ್ಕೆ ಸಲ್ಲಬೇಕು.

ಈ ಔದಾರ್ಯವನ್ನು ಪರೀಕ್ಷಿಸಿ ನೋಡಿದವರು ಸ್ವೀಡನ್ನಿನ ಆಡಮ್ ಡಂಕೆಲ್ಸ್. ಅಲ್ಲಿನ ಕಂಪ್ಯೂಟರ್ ವಿಜ್ಞಾನ ಸಂಸ್ಥೆಯಲ್ಲಿದ್ದ ಅವರು ಆ ನಿಯಮಗಳನ್ನು ಕೆಲವೇ ಕಿಲೋಬೈಟುಗಳ ಕ್ರಮವಿಧಿಯೊಳಗೆ ಅಡಕಮಾಡಿದರು. ಅವರ ಯುಕ್ತಿ ಸರಳ, ಆದರೆ ಸೊಗಸು. ಕಳುಹಿಸಿದ ಪೊಟ್ಟಣ ದಾರಿಯಲ್ಲಿ ಕಳೆದುಹೋದರೆ ಮತ್ತೆ ಕಳುಹಿಸಲೆಂದು ದೊಡ್ಡ ಯಂತ್ರಗಳು ಅದರ ನಕಲನ್ನು ಇಟ್ಟುಕೊಳ್ಳುತ್ತವೆ. ಡಂಕೆಲ್ಸರ ಏರ್ಪಾಡಿನಲ್ಲಿ ನಕಲಿಲ್ಲ. ಹೇಳಿದವನನ್ನೇ 'ಇನ್ನೊಮ್ಮೆ ಹೇಳಪ್ಪ' ಎಂದು ಕೇಳಲಾಗುತ್ತದೆ. 2003ರಲ್ಲಿ ಅವರು ಹೊರತಂದ 'ಕಾಂಟಿಕಿ' ಎಂಬ ವ್ಯವಸ್ಥೆಯಿಂದ ಕಮಡೋರ್ 64 ಈಥರ್‌ನೆಟ್ ತಂತಿಯೊಂದರ ಮೂಲಕ ಜಾಲತಾಣಗಳನ್ನು ತೆರೆದು ತೋರಿಸಿತು. 1947ರಲ್ಲಿ ಥಾರ್ ಹೈಯರ್ಡಾಲ್ ಶಾಂತಸಾಗರವನ್ನು ದಾಟಿದ ಮರದ ತೆಪ್ಪದ ಹೆಸರದು. ಎಷ್ಟು ತಕ್ಕ ಹೆಸರು! ಇದನ್ನು ಹುಡುಗಾಟವೆಂದು ತಳ್ಳಿಹಾಕುವಂತಿಲ್ಲ. ಉಷ್ಣ, ತೇವ ಮೊದಲಾದವನ್ನು ಅಳೆಯುವ ಪುಟ್ಟ ಉಪಕರಣಗಳನ್ನು ಜಾಲಕ್ಕೆ ಸೇರಿಸುವುದಕ್ಕೆ ಇದೇ ಕೆಲಸ ಮುಂದೆ ನೆರವಾಯಿತು.

ಇದಕ್ಕಿಂತ ಸುಲಭದ ದಾರಿಯೊಂದು 2014ರ ನಂತರ ತೆರೆಯಿತು. ಷಾಂಘೈ ನಗರದ ಎಸ್ಪ್ರೆಸಿಫ್ ಕಂಪನಿ ಆ ವರ್ಷ ಮಾರುಕಟ್ಟೆಗೆ ತಂದ 'ಇಎಸ್‌ಪಿ 8266' ಎಂಬ ಅಗ್ಗದ ವೈಫೈ ಚಿಪ್ಪನ್ನು ಹವ್ಯಾಸಿಗಳು ಕಮಡೋರಿನ ಹಿಂಬದಿಯ ಜೋಡಣೆಗೆ ಸಿಕ್ಕಿಸಿದರು. ಕಮಡೋರಿನದು 5 ವೋಲ್ಟಿನ ಲೋಕ, ಚಿಪ್ಪಿನದು 3.3 ವೋಲ್ಟಿನದು, ನಡುವೆ ಎಚ್ಚರ ಬೇಕು. ಈ ಚಿಪ್ಪು ತನ್ನನ್ನು ಹೇಯ್ಸ್ ಮೋಡೆಮ್ಮೆಂದು ಹೇಳಿಕೊಳ್ಳುತ್ತದೆ! ಕಮಡೋರು ಹಳೆಯ ವಾಡಿಕೆಯಂತೆ 'ಎಟಿಡಿ' ಎನ್ನುತ್ತದೆ. ದೂರವಾಣಿ ನಂಬರಿನ ಬದಲು ಜಾಲದ ವಿಳಾಸ ಕೊಡುತ್ತದೆ. ಚಿಪ್ಪು ಅದನ್ನು ಹುಡುಕಿ, 'ಸಂಪರ್ಕವಾಯಿತು' ಎಂದು ಹಳೆಯ ಮಾತಿನಲ್ಲೇ ಉತ್ತರಿಸುತ್ತದೆ. ಆ ಉತ್ತರ ಪರದೆಯ ಮೇಲೆ ಮೂಡಿದ್ದನ್ನು ನಾನು ನೋಡಿದ್ದೇನೆ. ನೀಲಿ ಪರದೆಯ ಮೇಲೆ ಅಕ್ಷರಗಳು ಒಂದರ ಹಿಂದೊಂದು ಬಂದು ನಿಲ್ಲುವಾಗ ಆಗುವ ಸಂತೋಷವೇ ಬೇರೆ. ಆದರೆ ಮನಸ್ಸಿನಲ್ಲಿ ಒಂದು ಪ್ರಶ್ನೆಯೂ ಏಳದಿರಲಿಲ್ಲ. ಮೋಡೆಮ್ಮಿನ ವೇಷ ಹಾಕಿದ ಆ ಚಿಪ್ಪಿನ ಮಿಡಿತ ಸೆಕೆಂಡಿಗೆ ಎಂಟು ಕೋಟಿ. ಯಜಮಾನನಿಗಿಂತ ಆಳೇ ಎಂಬತ್ತು ಪಾಲು ಚುರುಕು. ಕಾಂಟಿಕಿಯಲ್ಲಿ ಕಮಡೋರು ತಾನೇ ಜಾಲದ ಭಾಷೆಯನ್ನು ಆಡುತ್ತಿತ್ತು. ಇಲ್ಲಿ ದುಭಾಷಿ ಆಡುತ್ತಾನೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಹೀಗೆ ಒಳಗೆ ಬಂದ ಅತಿಥಿಗೆ ಮುಂದಿನ ಬಾಗಿಲು ಮುಚ್ಚಿದೆ. ಇಂದಿನ ಬಹುಪಾಲು ಜಾಲತಾಣಗಳು ಗೂಢಲಿಪಿಯಲ್ಲೇ ಮಾತಾಡುತ್ತವೆ. 2018ರಲ್ಲಿ ಕ್ರೋಮ್ ಬ್ರೌಸರು ಗೂಢಲಿಪಿಯಿಲ್ಲದ ತಾಣಗಳನ್ನೆಲ್ಲ 'ಸುರಕ್ಷಿತವಲ್ಲ' ಎಂದು ಗುರುತಿಸತೊಡಗಿತು. ಗೂಢಲಿಪಿಯ ಕೈಕುಲುಕಿಗೆ ಬೇಕಾಗುವ ಲೆಕ್ಕವೋ ಭಾರಿ. ಸಾಮಾನ್ಯವಾಗಿ ಬಳಸುವ ಒಂದು ಬಗೆಯ ಬೀಗದ ಸಂಖ್ಯೆಗೆ 617 ಅಂಕಿಗಳು. ಅಂಥವನ್ನು ಮತ್ತೆ ಮತ್ತೆ ಗುಣಿಸಬೇಕು. ಕಮಡೋರಿನ ಪ್ರೊಸೆಸರಿಗೆ ಗುಣಾಕಾರದ ಆಜ್ಞೆಯೇ ಇಲ್ಲ. ಅದು ಕೂಡಿ ಕೂಡಿ ಗುಣಿಸಬೇಕು. ಅದು ಲೆಕ್ಕ ಮುಗಿಸುವಷ್ಟರಲ್ಲಿ ಆ ಕಡೆಯವನು ಕಾದು ಬೇಸತ್ತು ಎದ್ದುಹೋಗಿರುತ್ತಾನೆ. ಆದ್ದರಿಂದ ನಡುವೆ ಇನ್ನೊಂದು ಕಂಪ್ಯೂಟರನ್ನಿಟ್ಟು, ಅದು ಬೀಗ ತೆಗೆದು ಕೊಟ್ಟದ್ದನ್ನು ಮುದುಕ ಓದಬೇಕು.

ಬೀಗವನ್ನು ನಾನು ಹಳಿಯುವುದಿಲ್ಲ. ನಮ್ಮ ಬ್ಯಾಂಕಿನ ಲೆಕ್ಕ, ವೈದ್ಯರ ಚೀಟಿ, ಮನೆಯ ಪತ್ರ ಇವೆಲ್ಲ ಹಾದುಹೋಗುವ ಬೀದಿಯಲ್ಲಿ ಬೀಗವಿಲ್ಲದೆ ತೀರದು. ಆದರೆ ಬೀಗದ ಬೆಲೆ ತೆರುವವರು ಯಾರೆಂಬುದನ್ನೂ ನೋಡಬೇಡವೆ? 2021ರ ಸೆಪ್ಟೆಂಬರ್ 30ರಂದು, ಅಸಂಖ್ಯ ತಾಣಗಳ ಬೀಗಗಳಿಗೆ ಆಧಾರವಾಗಿದ್ದ ಒಂದು ಪ್ರಮಾಣಪತ್ರದ ಅವಧಿ ತೀರಿತು. ಹೊಸದನ್ನು ಪಡೆಯದ ಎಷ್ಟೋ ಹಳೆಯ ಸಾಧನಗಳು ಆ ತಾಣಗಳನ್ನು ತೆರೆಯಲಾರದೆ ಹೋದವು. ಅವುಗಳಲ್ಲಿ ಏನೂ ಕೆಟ್ಟಿರಲಿಲ್ಲ. ಕಮಡೋರಿನ ಕಥೆ ಹವ್ಯಾಸಿಯ ಕೋಣೆಯದ್ದಾದರೆ, ಇದು ಸಂಸಾರಸ್ಥರ ಕಪಾಟಿನದ್ದು. ಹೊಸ ಫೋನು ಕೊಳ್ಳಲಾರದವರ ಕೈಯಲ್ಲಿ ಹಳೆಯ ಫೋನೇ ಬ್ಯಾಂಕು, ಶಾಲೆ, ಸರ್ಕಾರಿ ಕಛೇರಿ ಎಲ್ಲವೂ ಆಗಿರುವ ಕಾಲವಿದು.

1981ರ ನಿಯಮಕಾರರು ಸಾಧ್ಯವಾದಷ್ಟು ಸಣ್ಣ ಯಂತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಹೊಸ್ತಿಲನ್ನು ತಗ್ಗಿಸಿ ಕಟ್ಟಿದರು. ಆಮೇಲೆ ಬಂದವರು ಅದರ ಮೇಲೆ ಅಗತ್ಯವಾದ ಕದಗಳನ್ನು ನಿಲ್ಲಿಸಿದರು. ಕದ ಇರಲಿ, ಕದ ನಿಲ್ಲಿಸುವಾಗ ಹೊರಗುಳಿಯುವವರು ಯಾರೆಂದು ಒಮ್ಮೆ ಎಣಿಸಿ ನೋಡುವ ಪದ್ಧತಿಯೂ ಇರಲಿ. ಮುದಿ ಕಮಡೋರು ಜಾಲಕ್ಕೆ ಸೇರುವುದರಿಂದ ಯಾರ ಕಾರ್ಯವೂ ನೆರವೇರುವುದಿಲ್ಲ, ನಿಜ. ಆದರೆ ಅಂಥ ಯಂತ್ರಕ್ಕೂ 576 ಬೈಟಿನ ಸ್ಥಳವನ್ನು ಎತ್ತಿಟ್ಟವರ ಬುದ್ಧಿ ಎಂಥದೆಂಬುದು ಅದರಿಂದ ನಮಗೆ ತಿಳಿಯುತ್ತದೆ.